ಹಳೆಯ ಕಾರಭಾರಿಯನ್ನು ಕಳುಹಿಸಿಕೊಟ್ಟದ್ದು

ನಾನಿಲ್ಲದಿದ್ದರೆ ಇಲ್ಲಿ ಏನೂ ನಡೆಯುವುದಿಲ್ಲ ಎಂಬ ನಂಬಿಕೆ ಮನುಷ್ಯನ ಆರೋಗ್ಯಕ್ಕೆ ಬಹಳ ಒಳ್ಳೆಯದು. ಅದು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತದೆ, ನಡಿಗೆಗೆ ಒಂದಿಷ್ಟು ಗತ್ತು ತರುತ್ತದೆ, ರಜೆ ಹಾಕಿದ ದಿನ ಕೆಲಸದ ಜಾಗದಿಂದ ಫೋನ್ ಬಂದರೆ ಹೆಂಡತಿಗೆ ಕೇಳಿಸುವಂತೆ ನಿಟ್ಟುಸಿರು ಬಿಟ್ಟು ಎತ್ತುವ ಅವಕಾಶ ಕೊಡುತ್ತದೆ. ಫೋನ್ ಬಾರದಿದ್ದರೆ ಮಾತ್ರ ಅಂದಿನ ಊಟ ರುಚಿಸುವುದಿಲ್ಲ. ನೆಟ್‌ವರ್ಕ್ ಸರಿಯಿದೆಯೇ ಎಂದು ಎರಡು ಸಲ ಅಂಗಳಕ್ಕೆ ಹೋಗಿ ನೋಡಿ ಬರಬೇಕಾಗುತ್ತದೆ. ನನ್ನ ಈ ಆರೋಗ್ಯ ಹನ್ನೊಂದು ವರ್ಷ ಚೆನ್ನಾಗಿತ್ತು. ಅದನ್ನು ಕೆಡಿಸಿದ್ದು ಒಂದು ಸಾಫ್ಟ್‌ವೇರಿನ ನಿವೃತ್ತಿ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ ಎಂದು ಹೇಳುವ ಧೈರ್ಯ ನನಗಿಲ್ಲ. ಯಾಕಿಲ್ಲ ಎನ್ನುವುದು ಓದುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ನಾನು ಬೆಟಗೇರಿಯ ಒಂದು ಮುದ್ರಣಾಲಯದಲ್ಲಿದ್ದೇನೆ. ಲಗ್ನಪತ್ರಿಕೆ ನಮ್ಮ ಮುಖ್ಯ ಬೆಳೆ. ವರ್ಷದ ಕೊನೆಗೆ ಗೋಡೆ ಕ್ಯಾಲೆಂಡರ್. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಜನ ಮಗಳ ಮದುವೆ ನಿಶ್ಚಯವಾದ ವಾರದೊಳಗೆ ನಮ್ಮ ಬೆಂಚಿನ ಮೇಲೆ ಕುಳಿತಿರುತ್ತಾರೆ. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಸರಿಯಾದ ಕೆಲಸ ಸಿಗುವವರೆಗೆ ಎಂದು ಇಲ್ಲಿ ಕರಡು ತಿದ್ದಲು ಸೇರಿದವನು. ಸರಿಯಾದ ಕೆಲಸ ನನ್ನನ್ನು ಇನ್ನೂ ಹುಡುಕುತ್ತಿರಬೇಕು, ನನಗೆ ಸಿಕ್ಕಿಲ್ಲ. ಎಂ.ಎ. ಆದ ಒಂದೇ ಕಾರಣಕ್ಕೆ ಇಲ್ಲಿ ಎಲ್ಲರೂ ನನ್ನನ್ನು ಮಾಸ್ತರ ಎನ್ನುತ್ತಾರೆ. ಒಂದು ದಿನವೂ ನಾನು ಯಾರಿಗೂ ಏನೂ ಕಲಿಸಿದವನಲ್ಲ. ಕಲಿಸಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಇತಿಹಾಸ ಓದಿದ್ದರಿಂದ ನನಗೆ ಒಂದು ಚಟ ಅಂಟಿತು, ದಿನಚರಿ ಬರೆಯುವುದು. ನೆನಪನ್ನು ನಂಬಬಾರದು, ಬರಹದ ಆಧಾರ ಬೇಕು ಎಂದು ನಮ್ಮ ಮೇಷ್ಟರೊಬ್ಬರು ತಲೆಯಲ್ಲಿ ತುಂಬಿದ್ದರು. ಆ ಬರಹವನ್ನು ಬರೆಯುವಾತ ಯಾರು ಎಂಬುದನ್ನೂ ಅವರು ಹೇಳಿರಬೇಕು, ಆ ತರಗತಿಗೆ ನಾನು ಹೋಗಿರಲಿಕ್ಕಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗಿದ್ದೆವು. ‘ನೂರಾರು ಪಟ್ಟೆತಲೆ ಹೆಬ್ಬಾತುಗಳು ಒಮ್ಮೆಲೇ ಮೇಲೆದ್ದವು, ಮೈ ಜುಂ ಎಂದಿತು’ ಎಂದು ನನ್ನ ದಿನಚರಿಯಲ್ಲಿದೆ. ಇತ್ತೀಚೆಗೆ ಅದನ್ನು ಗಟ್ಟಿಯಾಗಿ ಓದಿದಾಗ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅವತ್ತ ನೀವು ಬಿಸಲಂತ ಗಾಡಿ ಬಿಟ್ಟು ಕೆಳಗs ಇಳೀಲಿಲ್ಲಲ್ರಿ. ಹಕ್ಕಿ ನೋಡಿ ಬಂದು ಹೇಳಿದಾಕಿ ನಾನು” ಎಂದಳು. ನನಗೆ ಇವತ್ತಿಗೂ ಆ ಹಕ್ಕಿಗಳು ಕಣ್ಣಿಗೆ ಕಟ್ಟಿದಂತಿವೆ. ಅವಳಿಗೆ ಮಾತ್ರ ನೆನಪಿರುವುದು ಗಾಡಿಯಲ್ಲಿ ಕುಳಿತ ನಾನು.

ಇರಲಿ, ಸಾಫ್ಟ್‌ವೇರಿಗೆ ಬರುತ್ತೇನೆ. ಹನ್ನೊಂದು ವರ್ಷದ ಹಿಂದೆ ನನ್ನ ಸಹಪಾಠಿಯೊಬ್ಬ ಬಂದು ನಮ್ಮ ಕಂಪ್ಯೂಟರಿಗೆ ಯಾರು ಬೇಕಾದರೂ ಬಳಸಬಹುದಾದ, ತೆರೆದ ಮನೆಯಂಥ ಸಾಫ್ಟ್‌ವೇರುಗಳನ್ನು ಹಾಕಿಕೊಟ್ಟು ಹೋದ. ಪತ್ರಿಕೆಯ ಪುಟ ಕಟ್ಟುವುದು ಒಂದು, ಅಕ್ಷರಶೈಲಿಗಳದ್ದು ಒಂದು, ದೇವರ ಚಿತ್ರಗಳದ್ದು ಒಂದು. ಇವೆಲ್ಲಕ್ಕೂ ಮೇಲೆ ಪ್ಯಾಕೇಜ್ ಮ್ಯಾನೇಜರ್ ಎಂಬುದೊಂದು. ಅದು ತಾನಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಬೇರೆ ಸಾಫ್ಟ್‌ವೇರುಗಳನ್ನು ಎಲ್ಲೋ ದೂರದ ಉಗ್ರಾಣದಿಂದ ತರಿಸುವುದು, ಒಂದಕ್ಕೊಂದು ಜಗಳವಾಡದಂತೆ ಕೂಡಿಸುವುದು, ಹಳತಾದದ್ದನ್ನು ತೆಗೆದು ಹೊಸದನ್ನು ಇಡುವುದು, ಇಷ್ಟೇ. ಇದನ್ನು ನಮ್ಮ ಮಾಲೀಕರಾದ ಈರಣ್ಣ ಸಾವಕಾರರಿಗೆ ವಿವರಿಸಲು ನಾನು ಅರ್ಧ ತಾಸು ಹೆಣಗಿದೆ. ಅವರು ಅಡಿಕೆ ಅಗಿಯುತ್ತಾ ಕೇಳಿ, “ಅಂದ್ರ ಲಗ್ನದಾಗಿನ ಕಾರಭಾರಿ ಇದ್ದಂಗ. ತಾ ಒಂದು ಪಾತ್ರಿ ಎತ್ತೂದಿಲ್ಲ, ಅವ ಇಲ್ಲಂದ್ರ ಒಂದು ಪಾತ್ರಿ ಬರೂದಿಲ್ಲ” ಎಂದರು. ಅಂದಿನಿಂದ ಅದಕ್ಕೆ ಕಾರಭಾರಿ ಎಂದೇ ಹೆಸರಾಯಿತು.

ಕಾರಭಾರಿಯ ಕಷ್ಟ ಎಂಥದ್ದು ಎಂದು ಲಗ್ನಪತ್ರಿಕೆ ಅಚ್ಚು ಹಾಕಿಸಿದವರಿಗೆ ಹೇಳಬೇಕಿಲ್ಲ. ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಶಿರಹಟ್ಟಿಯ ಕಾಕಾನ ಹೆಸರು ಹಾಕಿದರೆ ಮುಂಡರಗಿಯ ಮಾವನ ಹೆಸರೂ ಬರಬೇಕು. ಅವನ ಹೆಸರು ಬಂದರೆ ಅವನ ಅಳಿಯನದು ಬರಬೇಕು. ಅಳಿಯನ ಹೆಸರು ಬಂದರೆ ಬಾಳೆಹೊಸೂರಿನ ದೊಡ್ಡಪ್ಪ ತನ್ನ ಹೆಸರು ತೆಗೆಯಿರಿ ಎನ್ನುತ್ತಾನೆ. ಅವನನ್ನು ತೆಗೆದರೆ ಕಾಕಾ ಮದುವೆಗೇ ಬರುವುದಿಲ್ಲ. ಕಂಪ್ಯೂಟರಿನೊಳಗೂ ಇದೇ ಸಂಸಾರ. ಒಂದು ಅಕ್ಷರಶೈಲಿ ಬೇಕೆಂದು ಕೇಳಿದರೆ ಅದು ತನ್ನ ಬೀಗರಲ್ಲಿ ಹದಿನಾಲ್ಕು ಮಂದಿಯನ್ನು ಕರೆದುಕೊಂಡೇ ಬರುತ್ತದೆ. ಬಂದವರಲ್ಲಿ ಇಬ್ಬರಿಗೆ ಮಾತಿಲ್ಲ. ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸುವವನು ಕಾರಭಾರಿ.

ನಮ್ಮ ಕಾರಭಾರಿ ಪ್ರತಿ ಸೋಮವಾರ ಬೆಳಿಗ್ಗೆ ಉಗ್ರಾಣಕ್ಕೆ ಹೋಗಿ ಹೊಸದೇನಿದೆ ನೋಡಿಕೊಂಡು ಬರುತ್ತಿತ್ತು. ಹೆಚ್ಚುಕಡಿಮೆ ಪ್ರತಿ ಸೋಮವಾರವೂ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಪತ್ರಿಕೆ ಮಡಚುವ ಫಕ್ಕೀರವ್ವ ಈ ಮುದ್ರಣಾಲಯಕ್ಕಿಂತ ಹಿರಿಯಳು. ಅವಳು ಇದನ್ನು ತಪ್ಪೆಂದು ಎಣಿಸುತ್ತಲೇ ಇರಲಿಲ್ಲ. “ಸೋಮಾರ ಎತ್ತಿನ್ನ ಸೈತ ಹೂಡೂದಿಲ್ಲ. ಅದೂ ಒಂದಿನ ನಿಲ್ಲಲೇಳ್ರಿ” ಎನ್ನುತ್ತಿದ್ದಳು. ಆದರೆ ಬೆಂಚಿನ ಮೇಲೆ ಕುಳಿತವರು ಹಾಗೆನ್ನುವುದಿಲ್ಲವಲ್ಲ. ಆಗ ಒಳಗಿನಿಂದ “ಮಾಸ್ತರನ್ನ ಕರೀರಿ” ಎಂಬ ಕೂಗು ಏಳುತ್ತಿತ್ತು. ಆ ಕೂಗು ಕೇಳಿದ ಕೂಡಲೇ ಏಳಬಾರದು ಎಂದು ನಾನು ಮೊದಲ ತಿಂಗಳಲ್ಲೇ ಕಲಿತಿದ್ದೆ. ಕೈಯಲ್ಲಿದ್ದ ಕರಡಿನ ಸಾಲನ್ನು ಮುಗಿಸಿ, ಪೆನ್ನಿನ ಟೋಪಿ ಹಾಕಿ, ಕನ್ನಡಕ ಒರೆಸಿಕೊಂಡು ಹೋಗಬೇಕು. ಜನ ಎರಡು ಕಡೆ ಸರಿದು ದಾರಿ ಬಿಡುತ್ತಾರೆ. ಪರದೆಯನ್ನು ನೋಡಿ ಒಂದು ಸಲ ‘ಹ್ಞೂಂ’ ಎನ್ನಬೇಕು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮೂರು ಸಾಲುಗಳನ್ನು ಒತ್ತಿದರೆ ಕಾರಭಾರಿ ಎದ್ದು ನಡೆಯುತ್ತಿತ್ತು. ಅದು ಯಾಕೆ ನಿಲ್ಲುತ್ತದೆ ಎಂದು ಹುಡುಕುವ ಗೋಜಿಗೆ ನಾನು ಹೋಗಲಿಲ್ಲ. ಗುಣವಾಗುತ್ತಿತ್ತಲ್ಲ, ಸಾಕು. ಬೆಂಚಿನ ಮೇಲಿದ್ದ ಯಾವನೋ ಹೆಣ್ಣಿನ ತಂದೆ, “ಇವರಿಲ್ಲಂದ್ರ ನಮ್ಮ ಕಾರ್ಡು ಆಗತಿರ್ಲಿಲ್ಲ ನೋಡ್ರಿ” ಎನ್ನುತ್ತಿದ್ದ. ಆ ದಿನಚರಿಯ ಪುಟಗಳು ಸ್ವಲ್ಪ ಉದ್ದವಾಗಿವೆ.

ಎರಡು ವರ್ಷದ ಹಿಂದೆ ಪರದೆಯ ಮೇಲೆ ಒಂದು ಹಳದಿ ಸಾಲು ಕಾಣಿಸಿಕೊಂಡಿತು. ಈ ಕಾರಭಾರಿಯನ್ನು ಬರೆದು, ಲೋಕಕ್ಕೆ ಸುಮ್ಮನೆ ಕೊಟ್ಟು, ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ ಯಾರೋ ನಾಲ್ಕು ಜನ ದೂರದಿಂದ ಕಳಿಸಿದ ಸೂಚನೆ ಅದು. ಅದರ ಸಾರಾಂಶ ಇಷ್ಟು: ಇದು ಮೊದಲನೆಯ ಆವೃತ್ತಿ, ಹಳತಾಯಿತು, ಇದನ್ನು ನೋಡಿಕೊಳ್ಳಲು ನಮ್ಮಲ್ಲಿ ಜನ ಸಾಲದು, ದಯವಿಟ್ಟು ಎರಡನೆಯ ಆವೃತ್ತಿಗೆ ಹೋಗಿ, ಹಳೆಯ ಉಗ್ರಾಣದ ಬಾಗಿಲನ್ನು ಒಂದು ದಿನ ಹಾಕುತ್ತೇವೆ. ಅಷ್ಟು ಸೌಜನ್ಯದಿಂದ ನಿವೃತ್ತಿ ಘೋಷಿಸಿದ್ದನ್ನು ನಾನು ಮನುಷ್ಯರಲ್ಲಿಯೂ ಕಂಡಿಲ್ಲ. ಅಂದಿನಿಂದ ದಿನಾ ಆ ಹಳದಿ ಸಾಲು ಬರತೊಡಗಿತು. ಮೊದಲ ವಾರ ಹೆದರಿಕೆಯಾಯಿತು. ಎರಡನೆಯ ವಾರ ಅಭ್ಯಾಸವಾಯಿತು. ತಿಂಗಳಾಗುವಷ್ಟರಲ್ಲಿ ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿಣದ ಹಾಗೆ, ಅದಿಲ್ಲದಿದ್ದರೆ ಏನೋ ಕೊರತೆ ಅನಿಸುವಂತಾಯಿತು.

ಆ ಸಾಲನ್ನು ಸುಮ್ಮನೆ ನೋಡುತ್ತಾ ಕೂರದವಳು ಸವಿತಾ. ನಾಲ್ಕು ವರ್ಷದಿಂದ ನಮ್ಮಲ್ಲಿ ಪುಟ ಕಟ್ಟುವ ಕೆಲಸ ಅವಳದೇ. ಹುಲಕೋಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ, ಡಿಪ್ಲೊಮಾ ಓದಿದ್ದಾಳೆ, ನಗಬೇಕಾದ ಕಡೆ ನಗದೇ ಇರುವುದು ಅವಳಿಗೆ ಚೆನ್ನಾಗಿ ಬರುತ್ತದೆ. “ಮಾಸ್ತರ್ರ, ಎರಡನೇದು ಹಾಕೂನಲ್ರಿ. ನಾ ಓದೇನಿ, ಅದು ನಿಲ್ಲೂದಿಲ್ಲಂತ” ಎಂದು ಒಂದು ದಿನ ಹೇಳಿದಳು. ನಿಲ್ಲುವುದಿಲ್ಲವಂತೆ. ಅವಳಿಗೆ ಅದು ಒಳ್ಳೆಯ ಸುದ್ದಿ. ನಾನು ಪೆನ್ನಿನ ಟೋಪಿ ತೆಗೆದು ಮತ್ತೆ ಹಾಕಿ, “ಸಾವಕಾರ್ರನ್ನ ಒಂದ್ಮಾತು ಕೇಳೋಣು” ಎಂದೆ.

ಕೇಳಿದೆ ಎಂದೇ ನನ್ನ ನೆನಪು. ಮೊದಲ ಸಲ ಆಷಾಢ, ಹೊಸದು ಬೇಡ ಎಂದರು. ಎರಡನೆಯ ಸಲ ಮಂಗಳವಾರ ಬಿತ್ತು. ಮೂರನೆಯ ಸಲ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಎಂದರೆ ಯಂತ್ರಗಳಿಗೆ ಕಾಯಿ ಒಡೆದು, ವಿಭೂತಿ ಹಚ್ಚಿ, ಬಾಗಿಲೆಳೆದುಕೊಂಡು ಹೋಗುವ ದಿನ. ಅವತ್ತು ಹೊಸ ಕೆಲಸದ ಮಾತೇ ಇಲ್ಲ. ಇಷ್ಟು ಓದಿದ ನಾನು ಇಂಥ ನಂಬಿಕೆಗಳ ನಡುವೆ ಹೇಗೆ ಕೆಲಸ ಮಾಡಬೇಕು ನೋಡಿ ಎಂದು ಹೆಂಡತಿಯ ಮುಂದೆ ಹೇಳಿಕೊಂಡದ್ದೂ ಉಂಟು. ಮಾಗಡಿಯ ಮಾತಾದ ಮೇಲೆ ಅವಳು ನನ್ನ ಹೇಳಿಕೆಗಳನ್ನು ತರಕಾರಿಯ ಹಾಗೆ ಒತ್ತಿ ನೋಡಿ ತೆಗೆದುಕೊಳ್ಳುತ್ತಾಳೆ.

ಹೀಗಿರುವಾಗ ಈಚೆಗೊಂದು ಸೋಮವಾರ ಕಾರಭಾರಿ ಎಂದಿನಂತೆ ನಿಂತಿತು. ಬೆಂಚಿನ ಮೇಲೆ ಶಿರಹಟ್ಟಿಯ ಚನ್ನಬಸಪ್ಪನವರು ಕುಳಿತಿದ್ದರು. ಅವರ ಮಗಳ ಮದುವೆ. ಗುರುವಾರ ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಟ್ಟು, ಆಮೇಲೆ ಊರೂರಿಗೆ ಹಂಚಲು ಹೊರಡಬೇಕು. ಬೀಗರ ಕಡೆಯ ಎರಡು ಹೆಸರು ಸೇರಿಸಲು ಅವರೇ ಬಂದಿದ್ದರು. “ಮಾಸ್ತರನ್ನ ಕರೀರಿ” ಎಂಬ ಕೂಗು ಎದ್ದಿತು. ಸಾಲು ಮುಗಿಸಿದೆ, ಟೋಪಿ ಹಾಕಿದೆ, ಕನ್ನಡಕ ಒರೆಸಿದೆ, ಹೋದೆ, ‘ಹ್ಞೂಂ’ ಎಂದೆ. ಮೂರು ಸಾಲು ಒತ್ತಿದೆ. ಕಾರಭಾರಿ ಏಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಮೂರನೆಯ ಸಲ ಒಂದೊಂದೇ ಅಕ್ಷರವನ್ನು ಮೆಲ್ಲಗೆ, ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಒತ್ತಿದೆ. ಅಂಥ ಉಗ್ರಾಣವೇ ಇಲ್ಲ ಎಂಬ ಉತ್ತರ ಬಂತು. ಹಳದಿ ಸಾಲು ಕೂಡ ಬರಲಿಲ್ಲ. ಪುಟ ಕಟ್ಟುವ ಸಾಫ್ಟ್‌ವೇರು ಅರ್ಧ ಬದಲಾಗಿ ಅರ್ಧ ಹಾಗೇ ಉಳಿದು, ತೆರೆಯುವುದನ್ನೇ ನಿಲ್ಲಿಸಿತ್ತು.

ಹಿಂದಿನಿಂದ ಸವಿತಾ, “ಬಾಗಲಾ ಹಾಕ್ಯಾರ್ರಿ ಮಾಸ್ತರ್ರ” ಎಂದಳು. “ಎರಡು ವರ್ಷದಿಂದ ಹಾಕ್ತೀವಿ, ಹಾಕ್ತೀವಿ ಅಂತ ಹೇಳಾಕತ್ತಿದ್ರು. ಖರೇನ ಹಾಕಿದ್ರು.”

ಸಾವಕಾರರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದರು. “ಎರಡು ವರ್ಷ? ನನಗ್ಯಾರೂ ಖಬರs ಕೊಡಲಿಲ್ಲಲ್ಲ?”

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಬೆಂಚಿನ ಮೇಲೆ ಹೆಣ್ಣಿನ ತಂದೆ ಕುಳಿತಿದ್ದರು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು. “ನಾ ಹೇಳಿದ್ದೆರಿ” ಎಂದೆ. “ಒಂದ್ಸಲ ಅಲ್ಲ, ಮೂರ್ಸಲ. ಬ್ಯಾಡ ಅಂದವ್ರು ನೀವು.”

“ನಾ ಅಂದಿದ್ನೇನು?” ಸಾವಕಾರರಿಗೆ ಸಿಟ್ಟು ಬರಲಿಲ್ಲ, ನಿಜವಾಗಿಯೂ ಅನುಮಾನ ಬಂತು. ಅವರು ತಮ್ಮನ್ನೇ ಅನುಮಾನಿಸಿಕೊಳ್ಳುವ ಒಳ್ಳೆಯ ಮನುಷ್ಯರು. ಅಷ್ಟಕ್ಕೆ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಆದರೆ ಇತಿಹಾಸದ ವಿದ್ಯಾರ್ಥಿಯ ಅಹಂಕಾರ ನೋಡಿ, “ದಾಖಲೆ ಐತ್ರಿ” ಎಂದುಬಿಟ್ಟೆ. ಡ್ರಾವರಿನಿಂದ ಹೋದ ವರ್ಷದ ದಿನಚರಿಯನ್ನು ತಂದು, ಪುಟ ತೆಗೆದು, ಎಲ್ಲರಿಗೂ ಕೇಳುವಂತೆ ಓದಿದೆ: ‘ಇಂದು ಅಮಾವಾಸ್ಯೆ. ಎರಡನೆಯ ಆವೃತ್ತಿ ಹಾಕಲು ಸಾವಕಾರರು ಒಪ್ಪಲಿಲ್ಲ. ಮುಂದೂಡಿದೆ.’ ತಾರೀಖನ್ನೂ ಓದಿದೆ. ತಾರೀಖನ್ನು ಓದಬಾರದಿತ್ತು.

ನಮ್ಮಲ್ಲಿ ಕ್ಯಾಲೆಂಡರ್ ಬದಲಿಸುವ ಪದ್ಧತಿ ಇಲ್ಲ. ಹೊಸ ವರ್ಷದ್ದನ್ನು ಅದೇ ಮೊಳೆಗೆ, ಹಳೆಯದರ ಮೇಲೆ ನೇತು ಹಾಕುತ್ತೇವೆ. ಒಂದು ಮೊಳೆಯಲ್ಲಿ ಏಳೆಂಟು ವರ್ಷಗಳು ಒಂದರ ಮೈಮೇಲೊಂದು ಒರಗಿ ನಿಂತಿವೆ. ಸವಿತಾ ಗೋಡೆಯ ಹತ್ತಿರ ಹೋಗಿ, ಈ ವರ್ಷವನ್ನು ಸೀರೆಯ ನೆರಿಗೆ ಎತ್ತುವಂತೆ ಮೇಲೆತ್ತಿ, ಹೋದ ವರ್ಷವನ್ನು ನೋಡಿದಳು. ಅವಳಿಗೆ ಅವಸರವಿರಲಿಲ್ಲ.

“ಮಾಸ್ತರ್ರ, ಅವತ್ತ ಅಮಾಸಿ ಅಲ್ರಿ” ಎಂದಳು. “ಸೀಗಿ ಹುಣ್ಣಿಮಿ.”

ನಾನು, “ಕ್ಯಾಲೆಂಡರ್‌ನಾಗ ತಪ್ಪು ಬಿದ್ದಿರಬೇಕು” ಎಂದೆ. ಹೇಳಿ ಮುಗಿಸುವಷ್ಟರಲ್ಲೇ ನನಗೆ ಅರ್ಥವಾಯಿತು. ಆ ಕ್ಯಾಲೆಂಡರ್ ಅಚ್ಚಾದದ್ದು ನಮ್ಮಲ್ಲಿ. ತಿಥಿ, ಹುಣ್ಣಿಮೆ, ಅಮಾವಾಸ್ಯೆಗಳ ಕರಡನ್ನು ಮೂರು ಸಲ ತಿದ್ದಿದವನು ನಾನು. ಕೊನೆಯ ಪ್ರತಿಯ ಮೇಲೆ ‘ಸರಿಯಿದೆ’ ಎಂದು ಸಹಿ ಹಾಕಿದವನೂ ನಾನು. ದಿನಚರಿ ನಿಜವಾದರೆ ಕರಡು ತಿದ್ದುವವನು ಸುಳ್ಳ, ಕ್ಯಾಲೆಂಡರ್ ನಿಜವಾದರೆ ದಿನಚರಿ ಬರೆಯುವವನು ಸುಳ್ಳ. ಇಬ್ಬರೂ ಒಂದೇ ಚಪ್ಪಲಿ ಮೆಟ್ಟಿಕೊಂಡು ಅಲ್ಲಿಯೇ ನಿಂತಿದ್ದರು. ಯಾರನ್ನು ಹಿಡಿದುಕೊಡಬೇಕು ಎಂದು ನಾನು ಯೋಚಿಸುತ್ತಿರುವಾಗಲೇ ಸಾವಕಾರರ ಮುಖದ ಬಣ್ಣ ಇಳಿಯತೊಡಗಿತು.

“ತಪ್ಪಂದ್ರ ಹೆಂಗ ಮಾಸ್ತರ್ರ? ಲಕ್ಷ್ಮೇಶ್ವರದಾಗ ಮನಿಮನಿಗೆ ಹೋಗೇತಿ ಅದು. ಜನಾ ಹುಣ್ಣಿಮಿ ಮಾಡ್ಯಾರ.”

ಚನ್ನಬಸಪ್ಪನವರು ಬೆಂಚಿನಿಂದ ಎದ್ದೇಬಿಟ್ಟರು. “ನಮ್ಮ ಮನ್ಯಾಗೂ ನಿಮ್ಮದs ಐತ್ರಿ. ನಮ್ಮ ಹುಡಿಗಿ ಮುಹೂರ್ತದ ದಿನಾನೂ ಈ ವರ್ಷದ ನಿಮ್ಮ ಕ್ಯಾಲೆಂಡರ್‌ನಾಗ ನೋಡೇ ಸ್ವಾಮ್ಯಾರಿಗೆ ಹೇಳೇವಿ. ಇದರಾಗೂ ಹಂಗs ಏನರ?”

ಒಬ್ಬ ಗುಮಾಸ್ತನ ಮಾನ ಉಳಿಸಿಕೊಳ್ಳಲು ಹೊರಟು ಒಂದು ಹುಡುಗಿಯ ಮದುವೆಯ ಮುಹೂರ್ತಕ್ಕೇ ಕೈ ಹಚ್ಚಿದ್ದೆ. ಸಾವಕಾರರು ಯಾರಿಗೋ ಫೋನ್ ಮಾಡಲು ಕನ್ನಡಕ ಹುಡುಕುತ್ತಿದ್ದರು. ಆಗ ಮೂಲೆಯಲ್ಲಿ ಪತ್ರಿಕೆ ಮಡಚುತ್ತಿದ್ದ ಫಕ್ಕೀರವ್ವ ತಲೆ ಎತ್ತದೆಯೇ ಹೇಳಿದಳು. “ಕುಂಡ್ರಿ ಯಪ್ಪಾ, ಕುಂಡ್ರಿ. ಕ್ಯಾಲೆಂಡರ್ ಸರಿ ಐತಿ. ಅವತ್ತ ನಾ ರಜಾ ತಗೊಂಡು ಹೊಲಕ್ಕ ಚರಗಾ ಚೆಲ್ಲಾಕ ಹೋಗಿದ್ದೆ.”

ಚರಗ ಎಂದರೆ ಹೊಲದ ಸುತ್ತ ಅನ್ನಬೋನದ ಎಡೆ ಎರಚಿ ಭೂಮಿಗೆ ಉಣಿಸುವುದು. ಮುಳುಗುವವನಿಗೆ ಒಂದು ಕಡ್ಡಿ ಕಂಡಿತು. “ಎಳ್ಳ ಅಮಾಸಿಗೂ ಚರಗಾ ಚೆಲ್ತಾರಲ್ಲ ಯಕ್ಕಾ” ಎಂದೆ.

“ಚೆಲ್ತಾರ. ಆದ್ರ ಅವತ್ತ ಉಂಡು, ಮಾತಾಡಿ, ಬುಟ್ಟಿ ಹೊತ್ತು ಹೊಳ್ಳೂದರಾಗ ಚಂದ್ರಾಮ ಪರಾತದಷ್ಟು ದೊಡ್ಡಾಂವ ಬಂದಿದ್ದ. ಅಮಾಸಿ ದಿನ ಚಂದ್ರಾಮನ್ನ ಎಲ್ಲಿಂದ ತರ್ಲೋ ನಾ?” ಅವಳು ಈಗ ತಲೆ ಎತ್ತಿದಳು. “ಮರದಿನ ನಿಮಗ ಶೇಂಗಾ ಹೋಳಿಗಿ ತಂದು ಕೊಟ್ಟಿದ್ದೆ. ಮೂರು ತಿಂದ್ರಿ.”

ಸಾವಕಾರರು ನನ್ನ ಕೈಯಲ್ಲಿ ತೆರೆದೇ ಇದ್ದ ದಿನಚರಿಯತ್ತ ಬಗ್ಗಿ ಮರುದಿನದ ಸಾಲುಗಳನ್ನು ಓದಿದರು. ‘ಫಕ್ಕೀರವ್ವ ಹಬ್ಬದ ಹೋಳಿಗೆ ತಂದಿದ್ದಳು. ಬೇಡವೆಂದರೂ ಕೇಳಲಿಲ್ಲ, ಒಂದು ತಿಂದೆ.’

“ಒಂದು?” ಎಂದಳು ಫಕ್ಕೀರವ್ವ.

ಇದಾದ ಮೇಲೆ ಒಪ್ಪಿಕೊಳ್ಳದೆ ದಾರಿ ಇರಲಿಲ್ಲ. ಕ್ಯಾಲೆಂಡರ್ ಸರಿಯಿದೆ, ಈ ವರ್ಷದ್ದೂ ಸರಿಯಿದೆ, ನಿಮ್ಮ ಮುಹೂರ್ತಕ್ಕೆ ಏನೂ ಆಗಿಲ್ಲ ಎಂದು ಮೊದಲು ಚನ್ನಬಸಪ್ಪನವರಿಗೆ ಹೇಳಿದೆ. ಅವರು ಕುಳಿತರು, ಆದರೆ ಬೆಂಚಿನ ತುದಿಗೆ. ಆಮೇಲೆ ಸಾವಕಾರರಿಗೆ, “ನಿಮಗ ನಾ ಕೇಳೇ ಇಲ್ರಿ” ಎಂದೆ. ಆಷಾಢದಲ್ಲಿ ಕೇಳಿದ್ದೆನೇ, ಮಂಗಳವಾರ ಕೇಳಿದ್ದೆನೇ ಎಂದು ಈಗ ಖಂಡಿತ ಹೇಳಲಾರೆ. ಆಷಾಢದಲ್ಲೇ ಅವರು ಹೊಸ ಕತ್ತರಿ ಯಂತ್ರ ತಂದದ್ದು ನೆನಪಾಗುತ್ತಿದೆ, ಅದರ ಪಕ್ಕದಲ್ಲೇ ನಿಂತು ಈ ಮಾತು ಹೇಳುತ್ತಿದ್ದೆ.

ಸೀಗೆ ಹುಣ್ಣಿಮೆಯ ದಿನ ನಿಜವಾಗಿ ಏನಾಯಿತು ಎಂದರೆ, ನನಗೆ ಈಗ ಕಾಣುವಂತೆ ಹೇಳುತ್ತೇನೆ, ಇದನ್ನೂ ನೀವು ಒತ್ತಿ ನೋಡಿಯೇ ತೆಗೆದುಕೊಳ್ಳಿ. ಅವತ್ತು ಫಕ್ಕೀರವ್ವನೂ ಇರಲಿಲ್ಲ, ಸವಿತಾಳೂ ಬೇಗ ಹೋಗಿದ್ದಳು. ಕಂಪ್ಯೂಟರಿನ ಮುಂದೆ ನಾನೊಬ್ಬನೇ ಕುಳಿತು ಹೊಸ ಕಾರಭಾರಿಯನ್ನು ಕರೆಯುವ ಸಾಲನ್ನು ಒತ್ತಿಯೂ ಇದ್ದೆ. ಹಳೆಯದನ್ನು ತೆಗೆಯಲೇ, ಹೌದೋ ಅಲ್ಲವೋ ಎಂದು ಅದು ಕೇಳಿತು. ಬಹಳ ಸರಳವಾದ ಪ್ರಶ್ನೆ. ನನಗೆ ಆಗ ಸೋಮವಾರದ ಬೆಳಗು ಕಣ್ಣ ಮುಂದೆ ಬಂತು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ, ಪತ್ರಿಕೆಗಳು ಒಂದರ ಹಿಂದೊಂದು ಹೊರಬೀಳುತ್ತಿವೆ, ಯಾರೂ ಯಾರನ್ನೂ ಕರೆಯುತ್ತಿಲ್ಲ. ನಾನು ಕರಡಿನ ಸಾಲು ಮುಗಿಸಿ, ಟೋಪಿ ಹಾಕಿ, ಕನ್ನಡಕ ಒರೆಸಿಕೊಂಡು ಸುಮ್ಮನೆ ಕುಳಿತಿದ್ದೇನೆ. ‘ಅಲ್ಲ’ ಎಂದು ಒತ್ತಿ ಮನೆಗೆ ಹೋದೆ. ಹುಣ್ಣಿಮೆಯ ಬೆಳಕಿನಲ್ಲೇ ಹೋಗಿರಬೇಕು. ಮನೆಯಲ್ಲಿ ಕುಳಿತು ಅಮಾವಾಸ್ಯೆ ಎಂದು ಬರೆದೆ.

ಇಷ್ಟನ್ನೆಲ್ಲ ನಾನು ಅವರ ಮುಂದೆ ಹೇಳಲಿಲ್ಲ. “ನನಗs ಮನಸ್ಸಿರಲಿಲ್ಲ” ಎಂದಷ್ಟೇ ಹೇಳಿದೆ. ಸಾವಕಾರರು ಸ್ವಲ್ಪ ಹೊತ್ತು ಅಡಿಕೆ ಅಗಿದರು. “ಮನಸಿಲ್ಲಂದ್ರ ಮನಸಿಲ್ಲ ಅನ್ನಬೇಕು, ಮಾಸ್ತರ್ರ. ನನ್ನ ಹೆಸರಿಗ್ಯಾಕ ಹಚ್ಚಿದ್ರಿ? ನಾ ಅಮಾಸಿ ದಿನs ಹುಟ್ಟಿದಾಂವ” ಎಂದರು. ಬೈದದ್ದು ಅಷ್ಟೇ. ಬೈಗುಳ ಇನ್ನೂ ಸ್ವಲ್ಪ ದೊಡ್ಡದಾಗಿದ್ದರೆ ನನಗೆ ಅನುಕೂಲವಿತ್ತು. ಆಮೇಲೆ ಸವಿತಾಳ ಕಡೆ ತಿರುಗಿ, “ನಿನಗ ಬರತೈತೇನವಾ?” ಎಂದು ಕೇಳಿದರು.

“ಬರತೈತ್ರಿ. ಆ ಕಡೇ ಕಂಪ್ಯೂಟರ್‌ನಾಗ ಹಾಕಿ ನೋಡೇನಿ. ದೀಪಾವಳಿಯಿಂದ ನಡದೈತಿ.”

“ಮತ್ತ ಯಾಕ ಹೇಳಲಿಲ್ಲ?”

“ಮಾಸ್ತರ್ರು ನಿಮ್ಮನ್ನ ಕೇಳಾಕತ್ತಾರಂತ ಸುಮ್ನಿದ್ದೆರಿ” ಎಂದಳು, ಮುಖದ ಒಂದು ಗೆರೆಯೂ ಕದಲದಂತೆ.

ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಹೊಸ ಕಾರಭಾರಿ ಹೊಸ ಉಗ್ರಾಣದಿಂದ ಬೇಕಾದದ್ದನ್ನೆಲ್ಲ ತಂದಿತು, ಬೀಗರನ್ನೆಲ್ಲ ಕೂರಿಸಿತು, ಎಲ್ಲಿಯೂ ನಿಲ್ಲಲಿಲ್ಲ. ಚನ್ನಬಸಪ್ಪನವರ ಪತ್ರಿಕೆಗೆ ಬೀಗರ ಎರಡು ಹೆಸರು ಸೇರಿದವು. ಮುಂಡರಗಿಯ ಇನ್ನೊಬ್ಬರದು ನೆನಪಾಗಿ ಅದೂ ಸೇರಿತು, ಯಾವುದೂ ಹಟ ಹಿಡಿಯಲಿಲ್ಲ. ಗುರುವಾರ ದೇವರ ಮುಂದಿಡಲು ಮೊದಲ ಪ್ರತಿಯನ್ನು ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಸವಿತಾಳಿಗೆ, “ನೀ ಇಲ್ಲಂದ್ರ ಆಗತಿರ್ಲಿಲ್ಲ ನೋಡವಾ” ಎಂದು ಹೇಳಿ ಹೊರಟರು. ನನ್ನನ್ನು ದಾಟಿ ಹೋಗುವಾಗ ಒಂದು ಕ್ಷಣ ನಿಂತು, “ಮುಹೂರ್ತ ಸರಿ ಐತಲ್ರಿ ಮಾಸ್ತರ?” ಎಂದು ಮತ್ತೊಮ್ಮೆ ಕೇಳಿದರು. ಸರಿಯಿದೆ ಎಂದೆ. ಅವರು ಸಾವಕಾರರ ಮುಖ ನೋಡಿದರು. ಸಾವಕಾರರು ಗೋಣು ಹಾಕಿದ ಮೇಲೆ ಹೋದರು.

ಮಧ್ಯಾಹ್ನ ಸವಿತಾ ಹಳೆಯ ಕಾರಭಾರಿಯನ್ನು ಗುಡಿಸಿ ತೆಗೆಯುತ್ತಿದ್ದಳು. ಸಾವಕಾರರು ಊಟಕ್ಕೆ ಮನೆಗೆ ಹೋಗಿದ್ದರು. “ಮಾಸ್ತರ್ರ, ಸ್ವಲ್ಪ ಬರ್ರಿ” ಎಂದು ಮೆಲ್ಲಗೆ ಕರೆದಳು. ಕರೆದಳಲ್ಲ, ನಾನು ಈ ಸಲ ಸಾಲು ಮುಗಿಸಲಿಲ್ಲ, ಪೆನ್ನಿನ ಟೋಪಿಯೂ ಹಾಕಲಿಲ್ಲ, ಎದ್ದೇ ಹೋದೆ. ಪರದೆಯ ಮೇಲೆ ಹಳೆಯ ಕಾರಭಾರಿಗೆ ಕೊಟ್ಟ ಅಪ್ಪಣೆಗಳ ಪಟ್ಟಿ ತೆರೆದಿತ್ತು. ಅದರಲ್ಲಿ ಒಂದು ಸಾಲಿನ ಮೇಲೆ ಅವಳು ಬೆರಳಿಟ್ಟಳು. ನಮ್ಮ ಒಂದು ಅಕ್ಷರಶೈಲಿಯ ಹೆಸರು, ಅದರ ಮುಂದೆ, ಇದನ್ನು ಎಂದಿಗೂ ಬದಲಿಸಬೇಡ ಎಂಬ ಆಜ್ಞೆ. ಪಕ್ಕದಲ್ಲಿ ಬರೆದವನ ಹೆಸರು, ಹನ್ನೊಂದು ವರ್ಷದ ಹಿಂದಿನ ತಾರೀಖು. ಹೆಸರು ನನ್ನದು.

“ಇದರ ಸಲವಾಗೇ ನಿಲ್ಲತಿತ್ತ್ರಿ” ಎಂದಳು. “ಉಳದವೆಲ್ಲಾ ಹೊಸಾವು ಬರತಿದ್ವು, ಇದೊಂದು ಏಳಾಕ ತಯಾರಿಲ್ಲ. ಇದನ್ನ ಎಬ್ಬಿಸಬ್ಯಾಡಂತ ನೀವs ಹೇಳೀರಿ. ಪಾಪ, ಅದು ಏನ್ ಮಾಡಬೇಕು? ಸೋಮಾರಕ್ಕೊಮ್ಮೆ ನಡುದಾರ್‍ಯಾಗ ನಿಂತು ನಿಮ್ಮನ್ನ ಕರೀತಿತ್ತು.”

ನಾನು ಆ ಸಾಲನ್ನು ಬರೆದ ನೆನಪೇ ನನಗಿಲ್ಲ. ಆ ಅಕ್ಷರಶೈಲಿ ಆಗ ಬಹಳ ಚೆನ್ನಾಗಿ ಕಂಡಿರಬೇಕು, ಹೊಸದು ಬಂದು ಅದರ ರೂಪ ಕೆಟ್ಟೀತು ಎಂದು ಹಾಕಿರಬೇಕು. ಆ ದಿನದ ದಿನಚರಿಯನ್ನು ಆಮೇಲೆ ಮನೆಯಲ್ಲಿ ತೆಗೆದು ನೋಡಿದೆ. ‘ಇಂದು ಕಂಪ್ಯೂಟರಿನಲ್ಲಿ ಹೊಸದೊಂದು ಕಲಿತೆ. ಸಂತೋಷವಾಯಿತು’ ಎಂದಷ್ಟೇ ಇತ್ತು. ಮೂರು ಸಾಲು ಒತ್ತಿ ನಾನು ವಾರ ವಾರ ಗುಣಪಡಿಸುತ್ತಿದ್ದ ರೋಗವನ್ನು ಹಚ್ಚಿದವನು ನಾನೇ. ಜನ ಎರಡು ಕಡೆ ಸರಿದು ದಾರಿ ಬಿಟ್ಟದ್ದೂ, ಹೆಣ್ಣಿನ ತಂದೆಯರು ಕೈಮುಗಿದದ್ದೂ ಈ ಒಂದು ಸಾಲಿನ ಮೇಲೆ ನಿಂತಿತ್ತು.

“ಸಾವಕಾರ್ರಿಗೆ ಹೇಳತೀಯೇನವಾ?” ಎಂದೆ.

“ಯಾಕ ಹೇಳ್ಲಿ? ನಿಮ್ಮ ಬುಕ್ಕಿನಾಗ ಬರ್ಕೊಳ್ರಿ, ಸಾಕು.” ಅವಳು ಕೈಯನ್ನು ಕೀಲಿಮಣೆಯ ಮೇಲಿಟ್ಟು ನನ್ನ ಮುಖ ನೋಡಿದಳು. “ಅಳಿಸಿಬಿಡ್ಲ್ಯಾ? ಇಲ್ಲಾಂದ್ರ ಹೊಸದರಾಗೂ ಈ ಸಾಲು ಹಾಕಾಕ ಬರತೈತ್ರಿ. ಮೊದಲಿನಂಗ ಸೋಮಾರಕ್ಕೊಮ್ಮೆ ನಿಲ್ಲತೈತಿ. ನಿಮ್ಮನ್ನ ಕರೀತೀವಿ.”

ಕೂಡಲೇ ‘ಅಳಿಸು’ ಎಂದೆ. ಹೀಗೆ ಬರೆದು, ಪ್ರಬಂಧ ಇಲ್ಲಿಗೆ ಮುಗಿಯಿತೆಂದು ಪೆನ್ನು ಕೆಳಗಿಟ್ಟಿದ್ದೆ. ಆದರೆ ಕೂಡಲೇ ಎನ್ನುವುದು ಅಷ್ಟು ನಿಜವಲ್ಲ. ಅಳಿಸು ಎಂದದ್ದು ಹೌದು. ಆದರೆ ನಾನು ಅದನ್ನು ಹೇಳುವಷ್ಟರಲ್ಲಿ ಆಚೆ ಮೂಲೆಯಲ್ಲಿ ಫಕ್ಕೀರವ್ವ ಒಂದು ಕಟ್ಟು ಪತ್ರಿಕೆಯನ್ನು ಮಡಚಿ ಮುಗಿಸಿ, ಎರಡನೆಯ ಕಟ್ಟಿಗೆ ಕೈ ಹಾಕಿದ್ದಳು.